ಬಾಡಿಗೆ ಮನೆಯ ಕಿಟಕಿಗೆ ಮುತ್ತಿನ ಸರ

ರೀಲ್ಸ್‌ನಲ್ಲಿ ಖಂಡಿತ ನೋಡಿರ್ತೀರಿ. ಬಿಳಿ ಗೋಡೆ, ಮೇಲಿಂದ ತೂಗುವ ಪುಟ್ಟ ಕುಂಡ, ಅದರಿಂದ ಮೂರಡಿ ಉದ್ದಕ್ಕೆ ಇಳಿದ ಹಸಿರು ಮಣಿಗಳ ಸರ. ಹೆಸರು ಸ್ಟ್ರಿಂಗ್ ಆಫ್ ಪರ್ಲ್ಸ್. ನರ್ಸರಿಗೆ ಹೋಗಿ ಕೇಳಿದರೆ ಅಂಗೈ ಅಗಲದ ಕುಂಡದಲ್ಲಿ ಹತ್ತೋ ಹನ್ನೆರಡೋ ಎಳೆ ಇರುವ ಗಿಡ ಕೊಟ್ಟು, "ವಾರಕ್ಕೊಂದ್ಸಲ ನೀರು ಹಾಕಿ ಸಾಕು ಮೇಡಂ, ಇನ್ನೇನೂ ಕೇಳಲ್ಲ ಇದು" ಅಂತಾರೆ. ಮನೆಗೆ ತಂದು, ನೇತುಹಾಕಿ, ಸ್ಟೇಟಸ್‌ಗೆ ಫೋಟೊ ಹಾಕಿದ ಮೂರನೇ ವಾರಕ್ಕೆ ಮಣಿಗಳು ಮೆತ್ತಗಾಗುತ್ತವೆ. ಆಮೇಲೆ ಬುಡದಲ್ಲಿ ಕೊಳೆತು ಎಳೆಗಳು ಒಂದೊಂದಾಗಿ ಕಳಚಿ ಬೀಳುತ್ತವೆ. ನಮ್ಮ ಆಫೀಸಿನ ಒಂದೇ ಫ್ಲೋರ್‌ನಲ್ಲಿ ನನಗೆ ಗೊತ್ತಿರುವಂತೆ ಐದು ಜನ ಇದನ್ನು ತಂದರು. ಈಗ ಉಳಿದಿರೋದು ಒಂದು.

ನನ್ನ ಹತ್ತಿರ ಇದು ನಾಲ್ಕು ವರ್ಷದಿಂದ ಇದೆ, ಜೊತೆಗೆ ಇದರ ಜಾತಿಯ ಇನ್ನೆರಡು ಬಳ್ಳಿಗಳೂ ಇವೆ. ಮನೆ ಬನಶಂಕರಿಯಲ್ಲಿ, ಎರಡನೇ ಮಹಡಿ, ಬಾಡಿಗೆಯದು. ಪೂರ್ವಕ್ಕೆ ಒಂದು ಒಳ್ಳೆ ಕಿಟಕಿ ಬಿಟ್ಟರೆ ಬೆಳಕಿನ ವಿಷಯದಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಮಾಡೋದು ಸಾಫ್ಟ್‌ವೇರ್ ಕೆಲಸ. ತೋಟಗಾರಿಕೆಯಲ್ಲಿ ಡಿಗ್ರಿ ಇಲ್ಲ. ಆದರೆ ಈ ಗಿಡಗಳು ಎಲ್ಲಿಂದ ಬಂದವು, ಅಲ್ಲಿ ಹೇಗೆ ಬದುಕುತ್ತಿದ್ದವು ಅಂತ ಒಂದು ಸಲ ತಿಳಿದುಕೊಂಡರೆ ಅರ್ಧ ಗೊಂದಲ ತಾನಾಗೇ ಬಗೆಹರಿಯುತ್ತೆ ಅನ್ನೋದು ನನ್ನ ಅನುಭವ.

ಮುತ್ತಿನ ಸರದ ಊರು ದಕ್ಷಿಣ ಆಫ್ರಿಕಾದ ಒಣ ನೆಲ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಕ್ಯೂರಿಯೊ ರೌಲಿಯಾನಸ್ ಅಂತ ಹೆಸರು. ಗಾರ್ಡನ್ ರೌಲಿ ಎಂಬ ಬ್ರಿಟಿಷ್ ಸಸ್ಯತಜ್ಞರ ನೆನಪಿಗೆ ಇಟ್ಟಿದ್ದು. ಹಳೇ ಪುಸ್ತಕಗಳಲ್ಲಿ, ಕೆಲವು ನರ್ಸರಿ ಚೀಟಿಗಳಲ್ಲಿ ಈಗಲೂ ಸೆನೆಸಿಯೊ ಅಂತಲೇ ಇರುತ್ತೆ, ಎರಡೂ ಒಂದೇ. ಆಶ್ಚರ್ಯ ಅಂದರೆ ಇದು ನಮ್ಮ ಸೇವಂತಿಗೆ, ಸೂರ್ಯಕಾಂತಿಯ ಕುಟುಂಬದ್ದು. ತನ್ನ ಊರಲ್ಲಿ ಇದು ಎಲ್ಲೂ ತೂಗಾಡುವುದಿಲ್ಲ. ಬಂಡೆಯ ಸಂದಿಯಲ್ಲಿ, ಪೊದೆಗಳ ಅರೆನೆರಳಲ್ಲಿ ನೆಲದ ಮೇಲೆ ಚಾಪೆಯಂತೆ ಹರಡಿ, ಮಣ್ಣು ತಾಗಿದಲ್ಲೆಲ್ಲ ಬೇರು ಬಿಟ್ಟುಕೊಂಡು ಸಾಗುತ್ತೆ. ತೂಗುಬಳ್ಳಿ ಅನ್ನೋದು ನಾವು ಕೊಟ್ಟ ಪಟ್ಟ.

ಆ ಮಣಿಗಳು ಕಾಯಿಗಳಲ್ಲ, ಎಲೆಗಳು. ಇಷ್ಟೇ ನೀರನ್ನು ಹಿಡಿದಿಡಲು ಅತಿ ಕಡಿಮೆ ಹೊರಮೈ ಇರುವ ಆಕಾರ ಯಾವುದು ಅಂತ ಪಿಯುಸಿ ಗಣಿತದಲ್ಲಿ ಕೇಳಿದ್ದರೆ ಗೋಳ ಅಂತ ಉತ್ತರ ಬರೆಯುತ್ತಿದ್ದೆವಲ್ಲ, ಗಿಡವೂ ಅದನ್ನೇ ಬರೆದಿದೆ. ಹೊರಮೈ ಕಡಿಮೆಯಾದಷ್ಟೂ ಬಿಸಿಲಿಗೆ ಆವಿಯಾಗೋ ನೀರು ಕಡಿಮೆ. ಆದರೆ ಹೊರಮೈ ಕಡಿಮೆಯಾದರೆ ಬೆಳಕು ಹಿಡಿಯೋದು ಹೇಗೆ? ಅದಕ್ಕೂ ಒಂದು ಉಪಾಯ ಇದೆ. ಒಂದು ಮಣಿಯನ್ನು ಬೆಳಕಿಗೆ ಹಿಡಿದು ನೋಡಿ, ಮೇಲಿಂದ ಕೆಳಗೆ ಗೀಟು ಎಳೆದಂತೆ ಕಡುಹಸಿರಿನ, ಸ್ವಲ್ಪ ಪಾರದರ್ಶಕವಾದ ಪಟ್ಟಿ ಕಾಣುತ್ತೆ. ಅದೇ ಕಿಟಕಿ. ಬೆಳಕು ಅದರೊಳಗೆ ನುಗ್ಗಿ ಮಣಿಯ ಹೊಟ್ಟೆಯಲ್ಲಿರೋ ಹಸಿರನ್ನು ತಲುಪುತ್ತೆ. ಈ ಗೀಟನ್ನು ನೆನಪಿಟ್ಟುಕೊಳ್ಳಿ, ನೀರಿನ ವಿಷಯ ಬಂದಾಗ ಬೇಕಾಗುತ್ತೆ.

ಬೆಳಕು ಬೇಕಾಗಿರೋದು ನೆತ್ತಿಗೆ

ಸರಗಳು ಉದ್ದಕ್ಕೆ ಚೆನ್ನಾಗಿವೆ, ಆದರೆ ಕುಂಡದ ಮೇಲ್ಭಾಗ ಬೋಳಾಗ್ತಿದೆ ಅನ್ನೋ ದೂರು ತುಂಬಾ ಸಾಮಾನ್ಯ. ಅಂಥ ಹತ್ತು ಮನೆಗೆ ಹೋಗಿ ನೋಡಿದರೆ ಎಂಟರಲ್ಲಿ ಕುಂಡ ಸೀಲಿಂಗ್‌ನ ಕೊಕ್ಕೆಯಲ್ಲಿ ಇರುತ್ತೆ ಅಂತ ನಾನು ಬೆಟ್ ಕಟ್ಟಲು ರೆಡಿ. ಕಿಟಕಿಯ ಮೇಲಂಚಿಗಿಂತ ಎತ್ತರದಲ್ಲಿ ಕುಂಡ ಇದ್ದರೆ ತೂಗುವ ಎಳೆಗಳಿಗಷ್ಟೇ ಬೆಳಕು, ಮಣ್ಣಿನ ಮೇಲೆ ಕೂತಿರುವ ನೆತ್ತಿಗೆ ಕತ್ತಲು. ಹೊಸ ಎಳೆಗಳು ಹುಟ್ಟಬೇಕಾದ್ದು ಅಲ್ಲಿಂದ. ಕತ್ತಲಲ್ಲಿ ಮಣ್ಣೂ ಬೇಗ ಒಣಗಲ್ಲ, ಹಾಗಾಗಿ ಕೊಳೆಯೋಕೆ ಶುರುವಾಗೋದೂ ಅಲ್ಲಿಂದಲೇ.

ಫೋನ್‌ನಲ್ಲಿ ಒಂದು ಲಕ್ಸ್ ಮೀಟರ್ ಆ್ಯಪ್ ಹಾಕಿಕೊಂಡು ಮನೆಯೆಲ್ಲಾ ಓಡಾಡಿ ನೋಡಿ, ತಮಾಷೆಯಾಗಿರುತ್ತೆ. ಕಿಟಕಿ ಕಟ್ಟೆಯ ಮೇಲೆ ಸಾವಿರಗಳಲ್ಲಿ ಇರೋ ಸಂಖ್ಯೆ ಸೋಫಾ ಹತ್ತಿರ ಬರೋಷ್ಟರಲ್ಲಿ ನೂರುಗಳಿಗೆ ಇಳಿದಿರುತ್ತೆ. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ನಮಗೆ ವ್ಯತ್ಯಾಸ ಗೊತ್ತಾಗಲ್ಲ, ಗಿಡಕ್ಕೆ ಗೊತ್ತಾಗುತ್ತೆ. ನನ್ನ ಲೆಕ್ಕ ಸರಳ: ಕಿಟಕಿಯಿಂದ ಒಂದೂವರೆ ಅಡಿಯೊಳಗೆ, ಕುಂಡದ ಬಾಯಿ ಕಿಟಕಿ ಗಾಜಿನ ಮಧ್ಯಭಾಗಕ್ಕೆ ಸಮ. ಪೂರ್ವದ ಎಳೆಬಿಸಿಲು ಒಂದೆರಡು ಗಂಟೆ ನೇರ ಬಿದ್ದರೂ ಒಳ್ಳೆಯದೇ. ಪಶ್ಚಿಮದ ಕಿಟಕಿಯಾದರೆ ಮಾರ್ಚ್‌ನಿಂದ ಮೇವರೆಗೆ ಒಂದು ತೆಳು ಪರದೆ ಬೇಕು, ಇಲ್ಲದಿದ್ದರೆ ಮಣಿಗಳು ಬೆಂದುಹೋಗುತ್ತವೆ.

ಇನ್ನು ಬಾಡಿಗೆ ಮನೆಯವರ ಶಾಶ್ವತ ಸಮಸ್ಯೆ, ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ. ಅಡ್ವಾನ್ಸ್ ವಾಪಸ್ ಬರುವಾಗ ಒಂದೊಂದು ತೂತಿಗೂ ಲೆಕ್ಕ. ಕಿಟಕಿಯ ಗ್ರಿಲ್‌ಗೆ ಎಸ್ ಆಕಾರದ ಕೊಕ್ಕೆ ಸಿಕ್ಕಿಸಿದರೆ ಯಾರ ಅಪ್ಪಣೆಯೂ ಬೇಡ. ಕರ್ಟನ್ ರಾಡ್‌ಗೆ ನೇತುಹಾಕುವವರು ಮೊದಲು ತೂಕ ನೋಡಿಕೊಳ್ಳಿ. ನೀರು ಕುಡಿದ ಆರಿಂಚಿನ ಮಣ್ಣಿನ ಕುಂಡ ಎರಡು ಕೆಜಿ ಹತ್ತಿರ ತೂಗುತ್ತೆ, ಎರಡು ಪ್ಲಾಸ್ಟಿಕ್ ಬ್ರಾಕೆಟ್ ಮೇಲೆ ನಿಂತ ರಾಡ್ ಅಂಥ ಮೂರನ್ನು ಹೊರಲ್ಲ.

ಅಮ್ಮ ಮತ್ತು ನೀರಿನ ಚೊಂಬು

ಅಪ್ಪ ತೀರಿಕೊಂಡ ಮೇಲೆ ಅಮ್ಮ ತಿಪಟೂರಿನಿಂದ ನನ್ನ ಜೊತೆ ಇರೋಕೆ ಬಂದರು. ಊರಲ್ಲಿ ಬೆಳಿಗ್ಗೆ ಎದ್ದರೆ ತುಳಸಿ, ದಾಸವಾಳ, ಕನಕಾಂಬರ, ಹಿತ್ತಿಲ ಕರಿಬೇವು ಅಂತ ನೀರು ಹಾಕೋದೇ ಮುಕ್ಕಾಲು ಗಂಟೆ ಕೆಲಸ. ಇಲ್ಲಿ ಏಳು ಗಂಟೆಗೆ ಕಾಫಿ ಮುಗಿದರೆ ಮುಂದೇನು ಅನ್ನೋದೇ ಪ್ರಶ್ನೆ. ನಾನು ಎಂಟೂವರೆಗೆ ಲ್ಯಾಪ್‌ಟಾಪ್ ಮುಂದೆ ಕೂತರೆ ಏಳೋದು ರಾತ್ರಿ. ಅವರು ಚೊಂಬು ಹಿಡಿದು ಕಿಟಕಿ ಹತ್ತಿರ ಹೋಗ್ತಿದ್ದರು. ನಾನು ಬೇಡ ಅಂದರೆ, "ಹುಲ್ಲು ಹಾಕ್ದೆ ಹಸು ಸಾಕ್ದಂಗಾಯ್ತು ಕಣೇ ಇದು. ಕುಡಿಯೋಕೆ ಕೊಡ್ದೆ ಅದೇನ್ ಗಿಡ ಸಾಕ್ತೀಯ?" ಅನ್ನೋರು. ಅದರಲ್ಲಿ ತಪ್ಪೇನಿದೆ? ಅವರು ನೋಡಿದ ಗಿಡಗಳೆಲ್ಲ ದಿನಾ ನೀರು ಕುಡಿಯೋವೇ. ಬೇಡ, ಮುಟ್ಟಬೇಡಿ ಅಂತ ದಿನಾ ಹೇಳಿಸಿಕೊಳ್ಳೋದು ಯಾರಿಗಾದರೂ ಬೇಜಾರೇ, ಅದೂ ಮಗಳ ಮನೆಯಲ್ಲಿ.

ಹಾಗಾಗಿ ನೀರು ಹಾಕಬೇಡಿ ಅನ್ನೋ ಬದಲು ನೀರು ಯಾವಾಗ ಬೇಕು ಅಂತ ನೀವೇ ನೋಡಿ ಹೇಳಿ ಅಂದೆ. ಮಣಿಯ ಮೇಲಿನ ಗೀಟು ತೋರಿಸಿದೆ. ಹೊಟ್ಟೆ ತುಂಬಿದ್ದಾಗ ಗೀಟು ಅಗಲವಾಗಿ, ಸ್ಪಷ್ಟವಾಗಿ ಇರುತ್ತೆ. ಬಾಯಾರಿದಾಗ ಮಣಿ ಸ್ವಲ್ಪ ಸುಕ್ಕಾಗಿ ಗೀಟು ಮುಚ್ಚಿಕೊಳ್ಳುತ್ತಾ ಬರುತ್ತೆ. ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಹಸಿ ಬಟಾಣಿಯ ಗಟ್ಟಿತನ ಹೋಗಿ ಒಣದ್ರಾಕ್ಷಿ ದಾರಿ ಹಿಡಿದಿರುತ್ತೆ. ಆವತ್ತು ನೀರು. ಇನ್ನೊಂದು ಪರೀಕ್ಷೆ ಕುಂಡ ಎತ್ತಿ ನೋಡೋದು. ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಸಲ ಒಣಗಿದಾಗಿನ ತೂಕ, ನೀರುಂಡ ಮೇಲಿನ ತೂಕ ನೋಡಿಟ್ಟುಕೊಂಡರೆ ಆಮೇಲೆ ಕೈಗೇ ಅಂದಾಜು ಸಿಗುತ್ತೆ.

ಅಮ್ಮ ಈ ಕೆಲಸವನ್ನು ನನಗಿಂತ ಎಷ್ಟೋ ಚೆನ್ನಾಗಿ ಮಾಡ್ತಾರೆ. ನೀರು ಹಾಕಿದ ದಿನ ಗೋಡೆ ಕ್ಯಾಲೆಂಡರ್‌ನಲ್ಲಿ, ಏಕಾದಶಿ, ಸಂಕಷ್ಟಿಗಳ ಪಕ್ಕದಲ್ಲೇ, ಪೆನ್ಸಿಲ್‌ನಲ್ಲಿ 'ಮು' ಅಂತ ಗುರುತು. ಮುತ್ತಿನ ಸರ ಅಂತ ಅರ್ಥ. ಕಳೆದ ವರ್ಷದ್ದು ತೆಗೆದು ನೋಡಿದರೆ ಮಾರ್ಚ್‌ನಲ್ಲಿ ಎಂಟು ಒಂಬತ್ತು ದಿನಕ್ಕೊಂದು 'ಮು', ಡಿಸೆಂಬರ್‌ನಲ್ಲಿ ಎರಡು ವಾರಕ್ಕೊಂದು, ಜುಲೈ ತಿಂಗಳು ಪೂರ್ತಿ ಒಂದೇ ಒಂದು. ವಾರಕ್ಕೊಂದ್ಸಲ ಅನ್ನೋ ನರ್ಸರಿ ಮಾತು ಬೆಂಗಳೂರಿನಲ್ಲಿ ವರ್ಷದ ಬಹುಪಾಲು ಯಾಕೆ ನಡೆಯಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಡೇಟಾ ನನ್ನ ಹತ್ತಿರ ಇಲ್ಲ.

ಹಾಕುವಾಗ ಧಾರಾಳವಾಗಿ ಹಾಕಿ. ಕೆಳಗಿನ ತೂತಿನಿಂದ ಹರಿಯುವಷ್ಟು ಹಾಕಿ, ಪೂರ್ತಿ ಸೋರಿದ ಮೇಲೆ ಮತ್ತೆ ನೇತುಹಾಕಿ. ಚಮಚದಲ್ಲಿ ದಿನಾ ಒಂದಿಷ್ಟು ಚಿಮುಕಿಸಿದರೆ ಮೇಲ್ಮಣ್ಣು ಮಾತ್ರ ಸದಾ ಒದ್ದೆ, ಬೇರಿಗೆ ನೀರಿಲ್ಲ. ಸ್ಪ್ರೇ ಬಾಟಲಿಯನ್ನು ಇಸ್ತ್ರಿ ಮಾಡೋಕೆ ಇಟ್ಟುಕೊಳ್ಳಿ.

ರಾತ್ರಿ ಆಕ್ಸಿಜನ್ ಕೊಡುತ್ತಾ?

"ಬೆಡ್‌ರೂಮಲ್ಲಿಡಿ, ರಾತ್ರಿ ಆಕ್ಸಿಜನ್ ಬಿಡುತ್ತೆ" ಅಂತ ಮಾರುವವರೂ ಇದ್ದಾರೆ, ಹಂಚುವ ವಾಟ್ಸ್ಆ್ಯಪ್ ಮಾಮಂದಿರೂ ಇದ್ದಾರೆ. ಇದರಲ್ಲಿ ಅರ್ಧ ನಿಜ ಇದೆ, ಆ ಅರ್ಧ ಭಾಗ ಬಹಳ ಸ್ವಾರಸ್ಯವಾದದ್ದು.

ಬೆಂಜಮಿನ್ ಹೈನ್ ಅಂತ ಒಬ್ಬರು ಜರ್ಮನ್ ಮೂಲದ ಸಸ್ಯತಜ್ಞ ಈಸ್ಟ್ ಇಂಡಿಯಾ ಕಂಪನಿಯಲ್ಲಿದ್ದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಸರ್ವೆಯಲ್ಲಿ ಕೆಲಸ ಮಾಡಿದವರು, ನಮ್ಮ ಲಾಲ್‌ಬಾಗ್‌ನ ಉಸ್ತುವಾರಿಯನ್ನೂ ಕೆಲಕಾಲ ನೋಡಿಕೊಂಡವರು. ಭಾರತದಲ್ಲಿದ್ದಾಗ ಅವರು ಒಂದು ಎಲೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಅಗಿದು ನೋಡಿದರು. ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆ ಹೊತ್ತಿಗೆ ಸ್ವಲ್ಪ ಕಹಿ. ಈ ವಿಷಯವನ್ನು ಲಂಡನ್ನಿನ ಲಿನಿಯನ್ ಸೊಸೈಟಿಗೆ ಬರೆದರು, 1815ರಲ್ಲಿ ಅದು ಅಚ್ಚಾಯಿತು. ಆ ಗಿಡ ಯಾವುದು ಗೊತ್ತಾ? ಕಾಡುಬಸಳೆ. ಎಲೆಯಂಚಿನಲ್ಲೇ ಮರಿಗಿಡ ಹುಟ್ಟುತ್ತಲ್ಲ, ಕಿಡ್ನಿ ಕಲ್ಲಿಗೆ ಒಳ್ಳೇದು ಅಂತ ಊರಲ್ಲಿ ಹೇಳ್ತಾರಲ್ಲ, ಅದೇ. ಹುಳಿಯ ವಿಷಯ ಹೇಳಿದಾಗ ಅಮ್ಮನಿಗೇನೂ ಆಶ್ಚರ್ಯವಾಗಲಿಲ್ಲ. ಚಿಕ್ಕಂದಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಅದರ ಎಲೆ ಅಗಿದು ಮುಖ ಹಿಂಡಿಕೊಂಡದ್ದು ಅವರಿಗೆ ನೆನಪಿದೆ.

ಹುಳಿಯ ಕಾರಣ ಇದು. ಒಣ ನೆಲದ ಗಿಡ ಹಗಲಲ್ಲಿ ಎಲೆಯ ರಂಧ್ರ ತೆರೆದರೆ ನೀರೆಲ್ಲ ಆವಿ. ಹಾಗಾಗಿ ಇಂಥ ಹಲವು ಗಿಡಗಳು ರಾತ್ರಿ ತಂಪಿನಲ್ಲಿ ರಂಧ್ರ ತೆರೆದು ಕಾರ್ಬನ್ ಡೈ ಆಕ್ಸೈಡ್ ಎಳೆದುಕೊಂಡು, ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಬೆಳಗಾದ ಮೇಲೆ ಬಾಗಿಲು ಹಾಕಿಕೊಂಡು ಅದರಿಂದ ಅಡುಗೆ ಮಾಡುತ್ತವೆ. ಸೇಬಿಗೆ ಹುಳಿ ಕೊಡುವುದೂ ಇದೇ ಆಮ್ಲ. ಆದರೆ ಆಕ್ಸಿಜನ್ ಹುಟ್ಟಬೇಕಾದರೆ ಬೆಳಕು ಬೇಕೇ ಬೇಕು. ರಾತ್ರಿ ಎಳೆದುಕೊಳ್ಳೋದು ನಿಜ, ರಾತ್ರಿ ಆಕ್ಸಿಜನ್ ಬಿಡೋದು ಸುಳ್ಳು. ಗಾಳಿ ಶುದ್ಧ ಮಾಡುತ್ತೆ ಅನ್ನೋದಕ್ಕೆ ಎಲ್ಲರೂ ಎತ್ತಿ ಹೇಳೋ 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ, ಬಾಗಿಲು ಕಿಟಕಿ ಇರುವ ಟೂ ಬಿಎಚ್‌ಕೆಯಲ್ಲಿ ಅಲ್ಲ. ಚೆಂದಕ್ಕೆ ಬೆಳೆಸಿ ಸಾಕು.

ಬಟಾಣಿ ಅಂದುಕೊಳ್ಳೋ ಮಕ್ಕಳು

ಇದನ್ನು ನರ್ಸರಿಯಲ್ಲಿ ಯಾರೂ ಹೇಳಲ್ಲ, ಅದಕ್ಕೇ ಸ್ವಲ್ಪ ಒತ್ತಿ ಹೇಳ್ತೀನಿ. ಮುತ್ತಿನ ಸರ ವಿಷಕಾರಿ. ಬೆಕ್ಕು, ನಾಯಿ ತಿಂದರೆ ವಾಂತಿ, ಜೊಲ್ಲು, ಮಂಕು. ಮನುಷ್ಯರು ತಿಂದರೂ ವಾಂತಿ ಭೇದಿ ಆಗಬಹುದು, ರಸ ತಾಗಿದರೆ ಕೆಲವರಿಗೆ ಚರ್ಮ ತುರಿಸುತ್ತೆ. ಅಂಬೆಗಾಲಿಡೋ ಮಗುವಿಗೆ ಇದು ಥೇಟ್ ಬಟಾಣಿ. ಅಕ್ಕನ ಮಗಳಿಗೆ ಒಂದೂವರೆ ವರ್ಷ, ನೆಲದಲ್ಲಿ ಬಿದ್ದದ್ದೆಲ್ಲ ಬಾಯಿಗೆ. ಮಗು ಶನಿವಾರ ಬರುತ್ತೆ ಅಂದರೆ ಶುಕ್ರವಾರವೇ ಅಮ್ಮ ಟಾರ್ಚ್ ಹಿಡಿದು ಸೋಫಾ ಕೆಳಗೆ ಮಣಿ ಹುಡುಕ್ತಾರೆ.

ಎತ್ತರಕ್ಕೆ ಕಟ್ಟಿದರೆ ಆಯ್ತಲ್ಲ ಅನ್ನಬಹುದು. ಎತ್ತರಕ್ಕೆ ಕಟ್ಟಿದರೆ ನೆತ್ತಿಗೆ ಬೆಳಕಿಲ್ಲ, ಆಗಲೇ ಹೇಳಿದೆನಲ್ಲ. ಮೇಲಾಗಿ ಮಣಿ ಉದುರೋದು ಕೆಳಕ್ಕೇ. ನನ್ನ ಅಭಿಪ್ರಾಯ ಖಡಾಖಂಡಿತ: ಮನೆಯಲ್ಲಿ ಎರಡೂವರೆ ಮೂರು ವರ್ಷದೊಳಗಿನ ಮಗು ಇದ್ದರೆ, ಅಥವಾ ಎಲ್ಲಕ್ಕೂ ಬಾಯಿ ಹಾಕೋ ಬೆಕ್ಕಿದ್ದರೆ, ಈ ಗಿಡ ಸದ್ಯಕ್ಕೆ ಬೇಡ. ನಮ್ಮ ಮನೆಯದು ಈಗ ನನ್ನ ರೂಮಿನಲ್ಲಿ, ಬಾಗಿಲು ಹಾಕಿರೋ ಕಡೆ ಇದೆ. ಅಕಸ್ಮಾತ್ ಮಗು ತಿಂದರೆ ಬಾಯಿ ತೊಳೆಸಿ, ಬಲವಂತವಾಗಿ ವಾಂತಿ ಮಾಡಿಸದೆ, ಗಿಡದ ಒಂದು ತುಂಡನ್ನೂ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ಕ್ಯೂರಿಯೊ ಜಾತಿಯ ಉಳಿದವು, ಅಂದರೆ ಬಾಳೆಕಾಯಿಯಂತೆ ಬಾಗಿದ ಎಲೆಯ ಸ್ಟ್ರಿಂಗ್ ಆಫ್ ಬನಾನಾಸ್, ಡಾಲ್ಫಿನ್ ಹಾರಿದಂತೆ ಕಾಣೋ ಸ್ಟ್ರಿಂಗ್ ಆಫ್ ಡಾಲ್ಫಿನ್ಸ್, ಇವಕ್ಕೂ ಇದೇ ಎಚ್ಚರಿಕೆ.

ಮಗು ಇರೋ ಮನೆಗೆ ಎರಡು ಒಳ್ಳೆ ಆಯ್ಕೆಗಳಿವೆ, ಎರಡೂ ವಿಷವಲ್ಲ. ಒಂದು ಬರೋಸ್ ಟೇಲ್, ಅಂದರೆ ಕತ್ತೆ ಬಾಲ. ಮೆಕ್ಸಿಕೊದ ಗಿಡ, ಸೀಡಮ್ ಜಾತಿಯದು, ನಮ್ಮ ಕಾಡುಬಸಳೆಯ ಕುಟುಂಬ. ಭತ್ತದ ಕಾಳಿನ ಆಕಾರದ ದಪ್ಪ ಎಲೆಗಳು ಒಂದರ ಮೇಲೊಂದು ಹೆಣೆದುಕೊಂಡು ಇಳಿಯುತ್ತವೆ. ಅಮ್ಮನಿಗೆ ಹೆಸರು ಸುತಾರಾಂ ಹಿಡಿಸಲಿಲ್ಲ. "ಮೊಗ್ಗಿನ ಜಡೆ ಹಂಗಿದೆ, ಕತ್ತೆ ಬಾಲ ಅಂತೆ!" ಅಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಮೊಗ್ಗಿನ ಜಡೆಯೇ. ಮುಟ್ಟಿದರೆ ಎಲೆ ಉದುರುತ್ತೆ, ಹಾಗಾಗಿ ಆನ್‌ಲೈನ್‌ನಲ್ಲಿ ತರಿಸಬೇಡಿ, ಡಬ್ಬಿ ತೆರೆದರೆ ಕಡ್ಡಿ ಒಂದು ಕಡೆ, ಎಲೆ ಒಂದು ಕಡೆ. ಎಲೆಯ ಮೇಲಿನ ಬೂದಿ ಬಣ್ಣದ ಪುಡಿ ಧೂಳಲ್ಲ, ಗಿಡದ ಸ್ವಂತ ಮೇಣ, ಒರೆಸಬೇಡಿ. ಉದುರಿದ ಎಲೆ ಎಸೆಯಲೂ ಬೇಡಿ. ಒಣ ಮಣ್ಣಿನ ಮೇಲೆ ಸುಮ್ಮನೆ ಹರಡಿಟ್ಟರೆ ಕೆಲವು ವಾರಗಳಲ್ಲಿ ಗುಲಾಬಿ ಬಣ್ಣದ ಬೇರು, ಆಮೇಲೆ ಸಾಸಿವೆ ಗಾತ್ರದ ಮರಿ.

ಇನ್ನೊಂದು ಸ್ಟ್ರಿಂಗ್ ಆಫ್ ಹಾರ್ಟ್ಸ್. ನೂಲಿನಷ್ಟು ತೆಳ್ಳಗಿನ ಬಳ್ಳಿ, ಬೆಳ್ಳಿ ಗೆರೆ ಬರೆದ ಹೃದಯದಾಕಾರದ ಜೋಡಿ ಎಲೆ. ಜಾನ್ ಮೆಡ್ಲಿ ವುಡ್ ಎಂಬುವರು 1881ರಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಕಂಡದ್ದು, ಅದಕ್ಕೇ ಸೆರೋಪೀಜಿಯಾ ವುಡಿಯೈ. ಇದು ನಮ್ಮ ಎಕ್ಕದ ಗಿಡದ ಕುಟುಂಬ ಅಂದರೆ ನಂಬ್ತೀರಾ? ಹೂವು ಪುಟ್ಟ ಲಾಂದ್ರದಂತೆ. ಒಳಗಿನ ರೋಮಗಳು ಸಣ್ಣ ನೊಣವನ್ನು ಒಳಗೆ ಬಿಟ್ಟುಕೊಂಡು ಹೊರಗೆ ಬಿಡದೆ ಸ್ವಲ್ಪ ಹೊತ್ತು ಹಿಡಿದಿಟ್ಟು, ಪರಾಗ ಅಂಟಿದ ಮೇಲೆ ಬಾಡಿ ದಾರಿ ಕೊಡುತ್ತವೆ. ಇದರ ಸೋದರ ಸಂಬಂಧಿಗಳು ಸಹ್ಯಾದ್ರಿಯ ಬಂಡೆ ಹಾಸುಗಳಲ್ಲಿ, ಹುಲ್ಲುಗಾವಲುಗಳಲ್ಲಿ ಹಲವಿವೆ, ಎಷ್ಟೋ ಅಳಿವಿನ ಅಂಚಿನಲ್ಲಿವೆ. ಟ್ರೆಕ್ಕಿಂಗ್ ಹೋದಾಗ ಕಂಡರೆ ಫೋಟೊ ತೆಗೆಯಿರಿ, ಗೆಡ್ಡೆ ಕೀಳಬೇಡಿ. ಮೂರರಲ್ಲಿ ಹೊಸಬರಿಗೆ ನಾನು ಕೊಡೋದು ಇದನ್ನೇ. ಬಳ್ಳಿಯ ಗಿಣ್ಣಿನಲ್ಲೇ ಮಣಿಯಂಥ ಗೆಡ್ಡೆ ಕಟ್ಟುತ್ತೆ, ಒಂದು ಗೆಡ್ಡೆ ಮಣ್ಣಿಗೆ ಒತ್ತಿದರೆ ಹೊಸ ಗಿಡ.

ಮಣ್ಣಿನ ವಿಷಯಕ್ಕೆ ಬಂದರೆ, ನರ್ಸರಿಯಿಂದ ಬಂದ ಗಿಡ ಒಂದೋ ಬರೀ ಕೆಮ್ಮಣ್ಣಿನಲ್ಲಿ, ಇಲ್ಲವೇ ಬರೀ ಕೋಕೋಪೀಟ್‌ನಲ್ಲಿ ಇರುತ್ತೆ. ಮೊದಲನೆಯದು ಇಟ್ಟಿಗೆಯಾಗುತ್ತೆ, ಎರಡನೆಯದು ಸ್ಪಂಜಾಗುತ್ತೆ. ನಾನು ಬಳಸೋದು ಒಂದು ಪಾಲು ಎರೆಗೊಬ್ಬರ ಸೇರಿದ ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಪರ್ಲೈಟ್. ಪರ್ಲೈಟ್ ದುಬಾರಿ ಅನ್ನಿಸಿದರೆ ಇಟ್ಟಿಗೆ ಚೂರು, ಇದ್ದಿಲ ಚೂರು ನಡೆಯುತ್ತೆ. ಎಂ-ಸ್ಯಾಂಡ್ ಆದರೆ ಜರಡಿ ಹಿಡಿದು ಹಿಟ್ಟಿನಂಥ ಪುಡಿಯನ್ನು ಬಿಟ್ಟುಬಿಡಿ. ಕುಂಡ ಆಳ ಬೇಡ, ಅಗಲವಾದ ಸಣ್ಣ ಮಣ್ಣಿನ ಕುಂಡ ಸಾಕು, ಇವುಗಳ ಬೇರು ಮೇಲ್ಮೇಲೇ ಇರುತ್ತೆ. ತಳಕ್ಕೆ ಜಲ್ಲಿಕಲ್ಲು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತೆ ಅನ್ನೋದು ಎಲ್ಲರೂ ಹೇಳೋ ಮಾತು, ಭೌತಶಾಸ್ತ್ರ ಒಪ್ಪಲ್ಲ. ಸಣ್ಣ ಕಣಗಳ ಮಣ್ಣಿನಿಂದ ದೊಡ್ಡ ಕಲ್ಲಿಗೆ ನೀರು ಸುಲಭವಾಗಿ ಇಳಿಯದೆ ಗಡಿಯಲ್ಲೇ ನಿಲ್ಲುತ್ತೆ, ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರ ಬರುತ್ತೆ.

ಹತ್ತಿ ಚೂರಿನಂಥ ಬಿಳಿ ಕಂಡರೆ ಅದು ಹಿಟ್ಟು ತಿಗಣೆ. ಇರುವೆ ಸಾಲು ಕುಂಡದ ಕಡೆ ಹೊರಟಿದ್ದರೆ ಆಗಲೇ ಅನುಮಾನಿಸಿ, ತಿಗಣೆ ಸುರಿಸೋ ಸಿಹಿಗೆ ಅವು ಬರೋದು. ಕಿವಿ ಕಡ್ಡಿಯನ್ನು ಸರ್ಜಿಕಲ್ ಸ್ಪಿರಿಟ್‌ಗೆ ಅದ್ದಿ ಒಂದೊಂದಕ್ಕೇ ಮುಟ್ಟಿಸಿ, ವಾರ ಬಿಟ್ಟು ಮತ್ತೆ ಮಾಡಿ. ಭಾನುವಾರದ ಅರ್ಧ ಗಂಟೆ ಕೆಲಸ.

ಊರಿಂದ ಊರಿಗೆ ಲೆಕ್ಕ ಬದಲಾಗುತ್ತೆ. ಬೆಂಗಳೂರು, ಮೈಸೂರಿನ ಹವೆ ಇವಕ್ಕೆ ಹೇಳಿ ಮಾಡಿಸಿದಂತಿದೆ. ಚಳಿಗಾಲದ ತಂಪು ರಾತ್ರಿ ಸಿಕ್ಕಿದ ಮೇಲೆ ಮುತ್ತಿನ ಸರ ಹೂ ಬಿಡೋದೂ ಉಂಟು. ನಮ್ಮಲ್ಲಿ ಫೆಬ್ರವರಿಯಲ್ಲಿ ಬಿಟ್ಟಾಗ ಅಮ್ಮ, "ಯಾರ ಮನೇಲೋ ಪಲಾವ್‌ಗೆ ಚಕ್ಕೆ ಹುರಿತಿದಾರೆ" ಅಂದಿದ್ದರು. ಹೂವಿನ ವಾಸನೆ ಥೇಟ್ ಚಕ್ಕೆಯದೇ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ದಾಟಿದರೆ ಗಿಡ ಬೆಳವಣಿಗೆ ನಿಲ್ಲಿಸಿ ಮಲಗಿಬಿಡುತ್ತೆ, ಬಾಡಿದೆ ಅಂತ ಆಗ ನೀರು ಸುರಿದರೆ ಬೇರು ಬೇಯುತ್ತೆ. ಮಂಗಳೂರು, ಉಡುಪಿಯವರಿಗೆ ಜೂನ್‌ನಿಂದ ಮುತ್ತಿನ ಸರ ತಲೆನೋವೇ, ಗಾಳಿಯೇ ಒದ್ದೆ. ಅಲ್ಲಿ ಸ್ಟ್ರಿಂಗ್ ಆಫ್ ಹಾರ್ಟ್ಸ್ ಅಥವಾ ಹೋಯಾ ಬಳ್ಳಿ ಒಳ್ಳೆಯದು. ಹೋಯಾ ಪಶ್ಚಿಮಘಟ್ಟದ ಕಾಡಿನ ಮರಗಳಲ್ಲೂ ಇರುವಂಥದ್ದು, ತೇವಕ್ಕೆ ಹೆದರಲ್ಲ. ಬೆಂಗಳೂರಲ್ಲೂ ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರು, ಗ್ರಿಲ್‌ನ ಹೊರಗಿರೋ ಕುಂಡಗಳನ್ನು ಸಂಜೆ ಮೋಡ ಕವಿಯೋ ಮೊದಲು ಒಳಕ್ಕೆ ತನ್ನಿ, ಫ್ಯಾನ್ ಗಾಳಿ ತಾಗೋ ಹಾಗೆ ಇಡಿ.

ದಸರೆಗೆ ಹತ್ತು ದಿನ ಊರಿಗೆ ಹೊರಟಿದ್ದರೆ ಹಿಂದಿನ ದಿನ ಮಣಿ ಒತ್ತಿ ನೋಡಿ, ಬೇಕಿದ್ದರೆ ಮಾತ್ರ ನೀರು ಹಾಕಿ, ಪೂರ್ತಿ ಬಸಿಯಲು ಬಿಟ್ಟು, ಕಿಟಕಿಯ ಬಾಗಿಲು ಒಂದು ಬೆರಳಷ್ಟು ತೆರೆದಿಟ್ಟು ಹೋಗಿ. ಬೀಗದ ಕೈ ಪಕ್ಕದ ಮನೆಯವರಿಗೆ ಕೊಡೋದಾದರೆ ಹಾಲು ಪೇಪರ್ ವಿಷಯ ಹೇಳಿ, ಗಿಡದ ವಿಷಯ ಹೇಳಲೇಬೇಡಿ. ಪಾಪ, ಪ್ರೀತಿಯಿಂದ ದಿನಾ ನೀರು ಹಾಕಿಬಿಡ್ತಾರೆ.